ಕೋಳಿಯ ಕಾಲಡಿಯ ಕಚ್ಚು

೨೦೦೫ರ ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ನಾನು ಕಳಸದ ಪೇಟೆಬೀದಿಯಿಂದ ಒಳಕ್ಕೆ ಹೋಗುವ ಓಣಿಯಲ್ಲಿ, ಬೆಳ್ಳಿ ಬಂಗಾರದ ಕೆಲಸ ಮಾಡುವ ಆಚಾರ್ರ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದೆ. ಎಡಗಾಲು ಒಳಗಿತ್ತು, ಬಲಗಾಲು ಹೊರಗಿನ ಕಲ್ಲಿನ ಮೇಲಿತ್ತು. ಕಿಟಕಿಯ ಪಕ್ಕದ ಮಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಹೆಂಗಸಿಗೂ ನನಗೂ ನಡುವೆ ನಾಲ್ಕಡಿ ಇದ್ದಿರಬಹುದು, ಅದಕ್ಕಿಂತ ಹೆಚ್ಚಿರಲಿಲ್ಲ. ಮಂಜು ಕರಗಿತ್ತು, ಬೆಳಕು ಚೆನ್ನಾಗಿತ್ತು. ಇಷ್ಟನ್ನು ಮೊದಲೇ ಬರೆದಿಡಲು ಕಾರಣವಿದೆ. ಆ ಹೊತ್ತಿನ ಬಗ್ಗೆ ಆಮೇಲೆ ಕೇಳಿದಾಗ ನಾನು ‘ನೋಡಲಿಲ್ಲ’ ಎಂದೆ. ನಾನು ನೋಡಿದ್ದೆ.

ಆಗ ನಾನು ಕುದುರೆಮುಖದ ಗಣಿಯ ವರ್ಕ್‌ಶಾಪ್‌ನಲ್ಲಿ ಫಿಟ್ಟರ್. ವಯಸ್ಸು ನಲವತ್ತೊಂದು. ಗಣಿ ನಿಲ್ಲುವುದು ಖಚಿತವಾಗಿತ್ತು. ಆ ವರ್ಷವೋ ಮುಂದಿನ ವರ್ಷವೋ ಎಂಬುದಷ್ಟೇ ಕ್ಯಾಂಟೀನಿನ ಮಾತು. ಒಬ್ಬ ಜೀಪು ಓಡಿಸುತ್ತೇನೆ ಎನ್ನುತ್ತಿದ್ದ, ಇನ್ನೊಬ್ಬ ಮಂಗಳೂರಿಗೆ ಹೋಗುತ್ತೇನೆ ಎನ್ನುತ್ತಿದ್ದ. ನನಗೆ ಕೈಕೆಲಸ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಯಂತ್ರಗಳ ಹಿತ್ತಾಳೆ ಫಲಕಗಳ ಮೇಲೆ ಅಕ್ಷರ, ಅಂಕಿ ಕೊರೆಯುವ ಕೆಲಸ ಹದಿನೈದು ವರ್ಷದಿಂದ ನನ್ನ ಪಾಲಿಗಿತ್ತು. ಒಂದು ದಿನ ಪಕ್ಕದ ಕ್ವಾರ್ಟರ್ಸಿನ ಹೆಂಗಸಿನ ಕೊರಳಲ್ಲಿ ಒಂದು ಪದಕ ನೋಡಿದೆ. ರಾಜನ ತಲೆಯಿದ್ದ ಹಳೆಯ ಬೆಳ್ಳಿ ರೂಪಾಯಿ. ತಲೆಯನ್ನು ಅರದಿಂದ ಉಜ್ಜಿ ತೆಗೆದು ಅಲ್ಲಿ ನವಿಲು ಕೊರೆದಿದ್ದರು. ಹಿಂದುಗಡೆ ನಾಣ್ಯ ನಾಣ್ಯವಾಗಿಯೇ ಇತ್ತು. ಯಾರು ಮಾಡಿದ್ದೆಂದು ಕೇಳಿದೆ. ಕಳಸದ ಆಚಾರ್ರು ಎಂದರು.

ಆಚಾರ್ರಿಗೆ ಎಪ್ಪತ್ತು ದಾಟಿತ್ತು. ಬಲಗಣ್ಣು ಪೂರ್ತಿ ಹೋಗಿತ್ತು, ಎಡಗಣ್ಣಿಗೆ ಪೊರೆ ಬರತೊಡಗಿತ್ತು. ಕಲಿಸುತ್ತೀರಾ ಎಂದು ಕೇಳಿದಾಗ ಮುಖ ನೋಡಲಿಲ್ಲ, ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು.

“ಫಿಟ್ಟರ್ ಕೈ. ಬಲ ಜಾಸ್ತಿ. ಮೊದ್ಲು ಅದನ್ನ ಮರೀಬೇಕು ಮಾರಾಯ,” ಎಂದರು.

ಹೀಗೆ ಹಿಂದಿನ ವರ್ಷದ ಜೂನ್‌ನಿಂದ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಹೋಗತೊಡಗಿದೆ.

ಕೆಲಸದ ಕ್ರಮ ಇದು. ತೆಂಗಿನಕಾಯಿ ಗಾತ್ರದ ಗುಂಡನೆಯ ಮರದ ತುಂಡು, ಮೇಲ್ಭಾಗ ಚಪ್ಪಟೆ. ಅದರ ಮೇಲೆ ಅರಗನ್ನು ಕಾಯಿಸಿ ಹಚ್ಚಿ, ಬಿಸಿಯಿರುವಾಗಲೇ ನಾಣ್ಯವನ್ನು ಒತ್ತಿ ಕೂರಿಸಬೇಕು. ಅರಗು ಅಂಚಿನ ಸುತ್ತ ಎದ್ದು ನಾಣ್ಯವನ್ನು ಕಚ್ಚಿ ಹಿಡಿಯುತ್ತದೆ. ಮೇಲಿನ ಮುಖ ಮಾತ್ರ ಕಾಣುತ್ತದೆ. ಮರದ ಗುಂಡನ್ನು ಮರಳು ತುಂಬಿದ ತೊಗಲಿನ ದಿಂಬಿನ ಮೇಲಿಟ್ಟು, ಎಡಗೈಯಲ್ಲಿ ತಿರುಗಿಸುತ್ತ, ಬಲಗೈಯ ಉಳಿಯನ್ನು ಮುಂದಕ್ಕೆ ನೂಕಬೇಕು. ಉಳಿ ಹುಲ್ಲುಕಡ್ಡಿಗಿಂತ ತುಸು ದಪ್ಪ. ಮೊನೆ ಸರಿಯಾಗಿದೆಯೇ ಎಂದು ನೋಡಲು ಹೆಬ್ಬೆರಳಿನ ಉಗುರಿಗೆ ತಾಗಿಸಬೇಕು. ಜಾರಿದರೆ ಮತ್ತೆ ಸಾಣೆಕಲ್ಲು, ಕಚ್ಚಿಕೊಂಡರೆ ಕೆಲಸಕ್ಕೆ ಬಂತು. ಎಡ ಹೆಬ್ಬೆರಳು ಬ್ರೇಕಿನಂತೆ ಉಳಿಯ ಪಕ್ಕದಲ್ಲೇ ಇರಬೇಕು. ಬಾಗಿದ ಗೆರೆ ಬೇಕೆಂದರೆ ಉಳಿ ತಿರುಗುವುದಿಲ್ಲ, ಮರದ ಗುಂಡು ತಿರುಗುತ್ತದೆ.

ಈ ಕೊನೆಯದು ನನಗೆ ಬರಲಿಲ್ಲ. ನೇರಗೆರೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಅಕ್ಷರಗಳು ಮೊದಲ ತಿಂಗಳಲ್ಲೇ ಬಂದವು. ಬಾಗು ಬಂದ ಕೂಡಲೇ ಮಣಿಕಟ್ಟು ತಾನೇ ತಿರುಗುತ್ತಿತ್ತು, ಉಳಿ ಜಾರುತ್ತಿತ್ತು. ತಾಮ್ರದ ಬಿಲ್ಲೆಗಳ ಮೇಲೆ ನಾನು ಕೊರೆದ ಎಲೆಗಳೆಲ್ಲ ಗರಗಸದ ತುಂಡುಗಳಂತಿದ್ದವು.

“ಕಬ್ಬಿಣ ಹೆದರಿಸಿದ್ರೆ ಬಗ್ತದೆ,” ಎನ್ನುತ್ತಿದ್ದರು ಆಚಾರ್ರು. “ಬೆಳ್ಳಿ ಹೆದರೂದಿಲ್ಲ. ನಗ್ತದೆ.”

ಅಕ್ಟೋಬರಿನಲ್ಲಿ ಸಂಸೆಯ ಟೈಲರ್ ಹೆಂಗಸು ಬಂದರು. ಮೂಗುಬೊಟ್ಟಿನ ತಿರುಪು ಸರಿಮಾಡಿಸಲು ಬಂದವರು, ಅರ್ಧ ಗಂಟೆ ನನ್ನ ಹಿಂದೆ ನಿಂತು ನೋಡಿ, “ಆಚಾರ್ರೇ, ನಾನೂ ಒಂದು ಗೆರೆ ಎಳೆದು ನೋಡ್ಲಾ?” ಎಂದರು. ಮೂವತ್ತೈದು ವರ್ಷದವರಿರಬಹುದು. ರೆಡಿಮೇಡ್ ಬಂದ ಮೇಲೆ ಸಂಸೆಯಲ್ಲಿ ರವಿಕೆ ಹೊಲಿಸುವವರೇ ಕಡಿಮೆಯಾಗಿದ್ದರು. ಆಚಾರ್ರು ತಮಾಷೆಗೆಂದು ಉಳಿ ಕೊಟ್ಟರು. ಮೊದಲ ಗೆರೆ ಹಾಳಾಯಿತು. ಎರಡನೆಯದಕ್ಕೆ ಅವರು ಉಳಿಯನ್ನು ಅಲ್ಲಾಡಿಸದೆ ಹಿಡಿದು, ಮರದ ಗುಂಡನ್ನು ತಿರುಗಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಹೊಲಿಗೆ ಮಿಷನ್ನಿನಲ್ಲಿ ಸೂಜಿ ಇದ್ದಲ್ಲೇ ಇರುತ್ತದೆ, ಬಟ್ಟೆ ತಿರುಗುತ್ತದೆ. ಹದಿನೆಂಟು ವರ್ಷ ಅವರು ಮಾಡಿದ್ದೇ ಅದು.

ಆಚಾರ್ರು ಬಿಲ್ಲೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಮುಂದಿನ ಭಾನುವಾರ ಬಾ ತಂಗಿ,” ಎಂದರು. ನನ್ನನ್ನು ಸೇರಿಸಿಕೊಳ್ಳಲು ಅವರು ಮೂರು ವಾರ ತೆಗೆದುಕೊಂಡಿದ್ದರು.

ಆವತ್ತಿನಿಂದ ನನಗೆ ಶುರುವಾದದ್ದನ್ನು ಹೊಟ್ಟೆಕಿಚ್ಚು ಎಂದು ಕರೆಯದೆ ಬೇರೆ ದಾರಿಯಿಲ್ಲ. ಬಸ್ಸಿನಲ್ಲಿ ಕೂತರೆ ಅವರ ಗೆರೆ ಕಣ್ಣಿಗೆ ಬರುತ್ತಿತ್ತು. ಒಂದು ಭಾನುವಾರ ವರ್ಕ್‌ಶಾಪಿನ ವರ್ನಿಯರ್ ಅಳತೆಗೋಲನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರು ಊಟಕ್ಕೆ ಎದ್ದಾಗ ಅವರ ಗೆರೆಯ ಅಗಲವನ್ನು ಆರು ಕಡೆ ಅಳೆದೆ. ಆರೂ ಕಡೆ ಒಂದೇ. ನನ್ನದನ್ನು ಅಳೆಯಲಿಲ್ಲ. ಅವರ ಕೈ ನಡುಗಲಿ ಎಂದು ಬಯಸಿದ್ದೇನೆ, ಅವರ ಬಸ್ಸು ತಪ್ಪಲಿ ಎಂದು ಬಯಸಿದ್ದೇನೆ. ಅವರಾದರೋ ನನ್ನನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದರು.

“ಅಣ್ಣ, ನಿಮ್ಮ ಎಲೆಗೆ ಇಸ್ತ್ರಿ ಹಾಕಿದ ಹಾಗಿದೆ. ಒಂಚೂರು ಮುದುರಬೇಕಲ್ಲ ಅದು.”

“ನಿಮ್ಮ ಅಕ್ಷರ ಮಾತ್ರ ಕುಡಿದು ನಿಂತ ಹಾಗಿದೆ,” ಎಂದೆ ನಾನು. ಅವರು ಜೋರಾಗಿ ನಕ್ಕರು. ಅದು ನಿಜವೇ ಆಗಿತ್ತು; ಅಕ್ಷರ ಅವರಿಗೆ ಒಲಿಯಲಿಲ್ಲ.

ಡಿಸೆಂಬರಿನಲ್ಲಿ ಆಚಾರ್ರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: “ನನ್ನ ಕಣ್ಣು ಇನ್ನೊಂದು ಮಳೆಗಾಲ ನೋಡೂದಿಲ್ಲ. ಹನ್ನೊಂದು ಉಳಿ ಇದಾವೆ, ನಮ್ಮಪ್ಪನ ಕಾಲದ್ದು. ಈ ಕಿಟಕಿ ಮಣೆ ಇದೆ. ಎರಡೂ ಒಬ್ರಿಗೇ. ಹಂಚಿದ್ರೆ ಇಬ್ರು ಅರ್ಧ ಕೆಲಸದವ್ರಾಗ್ತೀರಿ. ಮುಂದೆ ಬರೋ ಕೆಲಸ ನೋಡಿ ಹೇಳ್ತೇನೆ.”

ಆ ಕೆಲಸ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಿಂದ ಬಂತು. ಕುಯಿಲಿನ ಕಾಲ; ಜೀಪಿನ ಹಿಂದೆ ಕಾಫಿ ಚೀಲಗಳ ನಡುವೆ ಜಾಗ ಮಾಡಿಕೊಂಡು ಎಸ್ಟೇಟಿನ ಹಿರಿಯ ಅಮ್ಮ ಬಂದಿಳಿದರು. ಸೆರಗಿನ ಗಂಟಿನಲ್ಲಿ ಒಂದು ಬೆಳ್ಳಿ ರೂಪಾಯಿ. ಹಿಂದೆ ೧೯೧೮ ಎಂದಿತ್ತು.

“ನಮ್ಮಮ್ಮ ಹುಟ್ಟಿದ ವರ್ಷ ಇದು. ಅವ್ರಪ್ಪ ತೊಟ್ಟಿಲಿಗೆ ಹಾಕಿದ್ದಂತೆ. ಮೊಮ್ಮಗಳ ಮದುವೆಗೆ ಇದನ್ನ ಪದಕ ಮಾಡಿ ಕೊಡ್ಬೇಕು ಆಚಾರ್ರೇ. ಈ ಕಡೆ ಇಸವಿ ಹಾಗೇ ಇರ್ಲಿ. ಆ ರಾಜನ್ನ ತೆಗೆದು ಒಂದು ಕೋಳಿ ಮಾಡಿ.”

“ಕೋಳಿಯಾ?”

“ಕೋಳಿ. ಎರಡು ಮರಿ. ನಮ್ಮಮ್ಮಂಗೆ ದೇವ್ರ ಮೇಲೆ ಅಷ್ಟಕ್ಕಷ್ಟೇ, ಕೋಳಿ ಅಂದ್ರೆ ಜೀವ. ನನ್ನ ಸೊಸೆ ಲಕ್ಷ್ಮಿ ಮಾಡ್ಸಿ ಅಂತಾಳೆ. ಲಕ್ಷ್ಮಿ ಎಲ್ಲಾ ಅಂಗಡೀಲೂ ಸಿಗ್ತಾಳೆ. ಮುಂದೆ ತಿರುಗಿಸಿದ್ರೆ ಕೋಳಿ, ಹಿಂದೆ ತಿರುಗಿಸಿದ್ರೆ ಇಸವಿ, ಎರಡೂ ನೆಟ್ಟಗೆ ಕಾಣ್ಬೇಕು, ಗೊತ್ತಾಯ್ತಲ್ಲ? ಬೇರೆ ನಾಣ್ಯ ಇಲ್ಲ, ಇದೊಂದೇ.”

ಆಚಾರ್ರು ನಾಣ್ಯವನ್ನು ಟೈಲರಮ್ಮನ ಅಂಗೈಗೆ ಹಾಕಿದರು. ನನಗೆ ಬೇರೆ ಮನೆಯ ಕುಂಕುಮದ ಭರಣಿಯ ಮುಚ್ಚಳಕ್ಕೆ ಹೆಸರು ಕೊರೆಯುವ ಕೆಲಸ ಕೊಟ್ಟರು. ಕೋಳಿ ಚೆನ್ನಾಗಿ ಬಂದರೆ ಉಳಿಗಳು ಟೈಲರಮ್ಮನಿಗೆ.

ರಾಜನ ತಲೆಯನ್ನು ಉಜ್ಜಿ ತೆಗೆಯುವ ಮುನ್ನ ಆಚಾರ್ರ ಒಂದು ನಿಯಮವಿತ್ತು. ಮುಖ ಸವೆದು ನುಣುಪಾದ ಮೇಲೆ ಯಾವುದು ಮೇಲು, ಯಾವುದು ಕೆಳಗು ತಿಳಿಯುವುದಿಲ್ಲ, ಹಿಂಭಾಗ ಅರಗಿನಲ್ಲಿ ಮುಚ್ಚಿಹೋಗಿರುತ್ತದೆ. ಆದ್ದರಿಂದ ಮೊದಲೇ, ರಾಜನ ನೆತ್ತಿಯ ನೇರಕ್ಕೆ, ನಾಣ್ಯದ ಅಂಚಿನಲ್ಲಿ ಅರದಿಂದ ಒಂದು ಸಣ್ಣ ಕಚ್ಚು ಹಾಕಬೇಕು. ಮರದ ಗುಂಡಿಗೆ ಒಂದು ಹಿತ್ತಾಳೆ ಮೊಳೆ ಹೊಡೆದಿರುತ್ತದೆ. ಮೊಳೆ ಕೆಲಸ ಮಾಡುವವರ ಎದೆಯ ಕಡೆಗೆ, ಅಂದರೆ ಕೆಳಗೆ. ಮೇಲಿದ್ದರೆ ಹೆಬ್ಬೆರಳಿಗೆ ತಾಗುತ್ತದೆಂದು ಅವರ ಅಪ್ಪ ಹಾಗೆ ಮಾಡಿದ್ದರಂತೆ. ನಾಣ್ಯ ಕೂರಿಸುವಾಗ ಕಚ್ಚು ಮೊಳೆಯ ಎದುರು ದಿಕ್ಕಿಗೆ ಬರಬೇಕು. ಮೊದಲ ಸಲ ಆಚಾರ್ರೇ ಕೂರಿಸಿದರು, ಸರಿಯಾಗಿತ್ತು.

ಆ ಭಾನುವಾರ ಕಳಸದಲ್ಲಿ ಮಾಗಿಯ ಚಳಿ ಹೆಚ್ಚಿತ್ತು. ಚಳಿಗೆ ಅರಗು ಗಾಜಿನಂತಾಗುತ್ತದೆ. ಟೈಲರಮ್ಮ ಮುಖವನ್ನು ಕೊನೆಯ ಬಾರಿ ನುಣುಪು ಮಾಡುತ್ತಿದ್ದಾಗ ಅರಗು ಟಪ್ಪೆಂದು ಸೀಳಿ ನಾಣ್ಯ ಎದ್ದು ಮಡಿಲಿಗೆ ಬಿತ್ತು. ಆಚಾರ್ರು ಹಿತ್ತಿಲಿಗೆ ಸ್ನಾನಕ್ಕೆ ಹೋಗಿದ್ದರು. ಬಸ್ಸು ತಡವಾಗಿ ನಾನು ಆಗಷ್ಟೇ ಬಂದು ಹೊಸ್ತಿಲಲ್ಲಿ ಕಾಲಿಟ್ಟಿದ್ದೆ. ಅವರು ತಲೆಯೆತ್ತಲಿಲ್ಲ. ಅಗ್ಗಿಷ್ಟಿಕೆಯ ಕೆಂಡಕ್ಕೆ ಅರಗು ಹಿಡಿದು ಮೆತ್ತಗೆ ಮಾಡಿದರು, ನಾಣ್ಯವನ್ನು ಬೆರಳಲ್ಲಿ ಸುತ್ತಿಸಿ ಕಚ್ಚು ಹುಡುಕಿದರು, ಆ ಕಚ್ಚನ್ನು ನೇರ ಮೊಳೆಯ ಪಕ್ಕಕ್ಕೆ ತಂದು ಒತ್ತಿದರು. ಅರಗು ಎದ್ದು ಅಂಚು ಮುಚ್ಚಿತು.

ಯಾಕೆ ಹಾಗೆ ಮಾಡಿದರೆಂದು ನನಗೆ ಆ ಕ್ಷಣವೇ ಹೊಳೆಯಿತು. ಟೈಲರುಗಳು ತೋಳಿಗೂ ಹೆಗಲಿಗೂ ಕಚ್ಚು ಹಾಕಿ, ಕಚ್ಚಿಗೆ ಕಚ್ಚು ಸೇರಿಸಿ ಹೊಲಿಯುತ್ತಾರೆ. ಎರಡು ಗುರುತು ಕಂಡರೆ ಕೂಡಿಸುವುದು ಅವರ ಬೆರಳಿನ ಅಭ್ಯಾಸ. ಎದುರುಬದುರು ನಿಲ್ಲಬೇಕಾದ ಗುರುತು ಅವರ ಲೋಕದಲ್ಲಿರಲಿಲ್ಲ.

ಕೋಳಿ ತಲೆಕೆಳಗಾಗಿ ಬರುತ್ತದೆ. ‘ಅಕ್ಕ, ತಿರುಗಿಸಿ’ ಎಂದರೆ ಮುಗಿಯುತ್ತಿತ್ತು. ಅರಗು ಇನ್ನೂ ಮೆತ್ತಗಿತ್ತು. ನಾನು ಬಾಯಿ ಬಿಡಲಿಲ್ಲ.

“ಬಾಗಿಲಲ್ಲೇ ನಿಂತ್ರಲ್ಲ, ಒಳಗೆ ಬನ್ನಿ,” ಎಂಬ ಮಾತು ಕೇಳಿಸಿತು. ನಡುಮನೆಯ ಬಾಗಿಲಲ್ಲಿ ಆಚಾರ್ರ ಹೆಂಡತಿ ಕಾಫಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಅವರು ನೋಡುತ್ತಿದ್ದದ್ದು ನಾಣ್ಯವನ್ನಲ್ಲ, ನನ್ನ ಮುಖವನ್ನು.

ಕೋಳಿ ಮೂರು ಭಾನುವಾರ ನಡೆಯಿತು. ಮೊದಲ ವಾರ ಸೀಸದ ಕಡ್ಡಿಯ ಗೆರೆ ಮಾತ್ರ. ಆಗ ಹೇಳಿದ್ದರೂ ಏನೂ ನಷ್ಟವಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ಹೊರಟೆವು. ಅವರು ರವಿಕೆಯ ಅಳತೆ ಕತ್ತರಿಸುವ ಕಂದು ಕಾಗದ ಬಿಚ್ಚಿ ತೋರಿಸಿದರು. ತುಂಬ ಗರಿಗಳು. ಮನೆಯ ಕೋಳಿಯನ್ನು ಹಿಡಿದಿಟ್ಟುಕೊಂಡು ಬರೆದದ್ದಂತೆ.

“ಕುತ್ತಿಗೆ ಗರಿ ಸಣ್ಣ ಟಾಕು, ರೆಕ್ಕೆ ಗರಿ ಉದ್ದ ಟಾಕು. ಹೌದಾ ಅಣ್ಣ? ನಂಗೆ ಆಚಾರ್ರಿಗಿಂತ ನಿಮ್ಮ ಕಣ್ಣಿನ ಮೇಲೆ ನಂಬ್ಕೆ. ತಪ್ಪಿದ್ರೆ ಹೇಳ್ಬೇಕು ನೀವು.”

ನಾನು ಕಾಗದ ನೋಡಿದೆ. ತಪ್ಪಿರಲಿಲ್ಲ. “ಚೆನ್ನಾಗಿದೆ,” ಎಂದೆ. ಇನ್ನೊಂದು ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಸಂಸೆ ಬಂತು, ಅವರು ಇಳಿದರು. ಸಂಸೆ ಬರದಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ನನ್ನನ್ನೇ ನಂಬಿಸಿದೆ. ಈಗ ನಂಬುವುದಿಲ್ಲ.

ಎರಡನೆಯ ವಾರ ಉಳಿ ಇಳಿಯಿತು. ಅಲ್ಲಿಂದ ಮುಂದೆ ಹೇಳಿ ಫಲವಿರಲಿಲ್ಲ. ಕೋಳಿ ಒಂದೊಂದೇ ಗರಿಯಾಗಿ ಏಳುತ್ತಿತ್ತು. ಒಂದು ಮರಿ ತಾಯಿಯ ರೆಕ್ಕೆಯ ಕೆಳಗಿನಿಂದ ತಲೆ ಮಾತ್ರ ಹೊರಹಾಕಿತ್ತು. ಬೆಳಕಿಗೆ ಓರೆ ಮಾಡಿದರೆ ಗರಿಗಳು ಅಲುಗಿದಂತೆ ಕಾಣುತ್ತಿದ್ದವು. ಅದು ತಲೆಕೆಳಗಾಗಿದೆ ಎಂದು ನನಗೆ ಗೊತ್ತಿದ್ದರೂ, ಅದನ್ನು ನಾನು ಯಾವ ಕಾಲಕ್ಕೂ ಮಾಡಲಾರೆ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ಮೂರನೆಯ ಭಾನುವಾರ ಮಧ್ಯಾಹ್ನ ಅರಗು ಕಾಯಿಸಿ ನಾಣ್ಯ ಎಬ್ಬಿಸಿದರು. ಆಚಾರ್ರು ಸೀಗೆಪುಡಿಯಲ್ಲಿ ತೊಳೆದು, ಕಣ್ಣಿನ ಹತ್ತಿರ ಹಿಡಿದು ಕೋಳಿಯನ್ನು ನೋಡಿದರು. ಅವರ ಮುಖ ಅರಳಿದ್ದನ್ನು ನೋಡಿದೆ. ಆಮೇಲೆ ನಾಣ್ಯವನ್ನು ಹಿಂದಕ್ಕೆ ತಿರುಗಿಸಿದರು. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ.

“ಇದು ನಡುವೆ ಕಳಚಿತ್ತಾ ತಂಗಿ?”

“ಹೌದು ಆಚಾರ್ರೇ. ಆವತ್ತು ಚಳೀಲಿ. ನಾನೇ ಕೂರಿಸ್ದೆ.”

“ಕಚ್ಚು ಎಲ್ಲಿಗಿಟ್ಟೆ?”

“ಮೊಳೆಗೇ. ಕಚ್ಚಿಗೆ ಕಚ್ಚು ಅಲ್ವಾ…” ಎಂದವರು ಅಲ್ಲೇ ನಿಲ್ಲಿಸಿದರು.

ಆಚಾರ್ರು ನನ್ನ ಕಡೆ ತಿರುಗಿದರು. “ಫಿಟ್ಟರೇ, ನೀನಿದ್ದೆಯಲ್ಲ ಆವತ್ತು?”

“ಆಗಷ್ಟೇ ಬಂದಿದ್ದೆ. ನೋಡಲಿಲ್ಲ.”

ನಡುಮನೆಯ ಬಾಗಿಲಲ್ಲಿ ಲೋಟ ತಟ್ಟೆಗೆ ತಾಗಿದ ಸದ್ದಾಯಿತು. ನಾನು ಆ ಕಡೆ ನೋಡಲಿಲ್ಲ.

ಕೋಳಿಯನ್ನು ಉಜ್ಜಿ ಮತ್ತೆ ಕೊರೆಯುವಷ್ಟು ದಪ್ಪ ನಾಣ್ಯದಲ್ಲಿ ಉಳಿದಿರಲಿಲ್ಲ. ಇಸವಿಯ ಕಡೆ ಕೈ ಹಾಕುವಂತಿರಲಿಲ್ಲ. ಅಮ್ಮ ಬರಲು ಹತ್ತು ದಿನವಿತ್ತು. ಆಚಾರ್ರು ಬೈಯಲಿಲ್ಲ, “ನನ್ನ ಕಣ್ಣಿದ್ದಿದ್ರೆ ಆಗ್ತಿರ್ಲಿಲ್ಲ,” ಎಂದು ತಮ್ಮನ್ನೇ ಅಂದುಕೊಂಡರು. ಟೈಲರಮ್ಮ ನಾಣ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅಳಲಿಲ್ಲ. ಬೆರಳುಗಳು ಮಾತ್ರ ಸುಮ್ಮನಿರದೆ ನಾಣ್ಯವನ್ನು ತಿರುಗಿಸುತ್ತಿದ್ದವು. ಎಡದಿಂದ ಬಲಕ್ಕೆ ಪುಸ್ತಕದ ಹಾಳೆಯಂತೆ ತಿರುಗಿಸಿದರು. ಆಮೇಲೆ ಕೆಳಗಿನಿಂದ ಮೇಲಕ್ಕೆ, ಗೋಡೆಯ ಕ್ಯಾಲೆಂಡರಿನ ಹಾಳೆಯಂತೆ ಎತ್ತಿ ತಿರುಗಿಸಿದರು. ಅಲ್ಲಿಗೆ ಬೆರಳುಗಳು ನಿಂತವು.

“ಆಚಾರ್ರೇ, ಹೀಗೆ ತಿರುಗಿಸಿದ್ರೆ ಎರಡೂ ನೆಟ್ಟಗೇ ಬರ್ತದೆ.”

ಮೇಲೆ ಕೊಂಡಿ ಹಾಕಿದರೆ ಆಗದು, ಪುಸ್ತಕದ ಹಾಳೆಯಂತೆಯೇ ತಿರುಗುತ್ತದೆ ಎಂದು ಅವರೇ ವಿವರಿಸಿದರು. ಸುತ್ತ ಒಂದು ಬಳೆ, ಬಳೆಯ ಎಡಕ್ಕೊಂದು ಬಲಕ್ಕೊಂದು ಸಣ್ಣ ಗೂಟ, ಅವುಗಳ ಮೇಲೆ ನಾಣ್ಯ ಲಾಗ ಹಾಕಬೇಕು. ಕೋಳಿ ಮುಳುಗಿದರೆ ಇಸವಿ ಏಳುತ್ತದೆ, ಎರಡೂ ನೆಟ್ಟಗೆ. ಆಚಾರ್ರು ನಾಣ್ಯವನ್ನು ಎರಡು ಬೆರಳ ನಡುವೆ ಹಿಡಿದು ತಾವೇ ಹಾಗೆ ತಿರುಗಿಸಿ ನೋಡಿದರು. ಆಮೇಲೆ ನನ್ನತ್ತ ನೋಡಿ, “ಇದು ನಿನ್ನ ಕೆಲಸ ಮಾರಾಯ. ಆಗ್ತದಾ?” ಎಂದರು.

ಎರಡು ಗೂಟಗಳೂ ಸರಿಯಾಗಿ ನಾಣ್ಯದ ನಡುಗೆರೆಯ ಮೇಲೇ ಬರಬೇಕು. ಕೂದಲೆಳೆಯಷ್ಟು ಮೇಲಾದರೆ ಕೋಳಿ ತಾನಾಗಿ ನಿಲ್ಲುತ್ತದೆ, ಇಸವಿ ನಿಲ್ಲುವುದಿಲ್ಲ. ಕೆಳಗಾದರೆ ಇಸವಿ ನಿಲ್ಲುತ್ತದೆ, ಕೋಳಿ ಬೀಳುತ್ತದೆ. ತಪ್ಪು ಮಾಡುವುದು ಬಹಳ ಸುಲಭವಿತ್ತು, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಒಂದು ಇಡೀ ದಿನ ಅದನ್ನೇ ಯೋಚಿಸಿದೆ. ಮರುದಿನ ವರ್ಕ್‌ಶಾಪಿನ ಫೋರ್‌ಮನ್ನರ ಒಪ್ಪಿಗೆ ಕೇಳಿ, ಕೆಲಸದ ಹೊತ್ತು ಮುಗಿದ ಮೇಲೆ ದಿನಕ್ಕೊಂದು ಗಂಟೆ ಬೆಂಚು ಪಡೆದೆ. ನಾಣ್ಯವನ್ನು ಮೇಣದ ಮೇಲೆ ಕೂರಿಸಿ ವರ್ನಿಯರಿನಿಂದ ನಡುಗೆರೆ ಗುರುತಿಸಿದೆ. ಅಂಚಿನಲ್ಲಿ ಎರಡು ಕುಳಿ ಕೊರೆದೆ, ಬೆಳ್ಳಿ ತಂತಿಯ ಗೂಟಗಳನ್ನು ಅರದಲ್ಲಿ ಮೊನೆ ಮಾಡಿದೆ. ಮೊದಲ ಬಳೆ ಸಡಿಲವಾಯಿತು, ಕರಗಿಸಿದೆ. ಎರಡನೆಯದು ಬಿಗಿಯಾಯಿತು. ಮೂರನೆಯದು ಬೆರಳು ತಾಗಿಸಿದಾಗ ತಿರುಗಿತು, ಬಿಟ್ಟಲ್ಲಿ ನಿಂತಿತು. ಅಷ್ಟು ನಿಖರವಾದ ಕೆಲಸವನ್ನು ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಎಸ್ಟೇಟಿನ ಅಮ್ಮ ಬಂದರು. ಕೋಳಿಯನ್ನು ಅಂಗೈಯಲ್ಲಿಟ್ಟು ನೋಡಿದರು. ಬೆರಳಲ್ಲಿ ತಳ್ಳಿದರು, ೧೯೧೮ ಎದ್ದು ಬಂತು. ಮತ್ತೆ ತಳ್ಳಿದರು.

“ಅಯ್ಯೋ! ಕೋಳಿ ಲಾಗ ಹಾಕ್ತದಲ್ರೀ!” ಎಂದು ಚಿಕ್ಕ ಹುಡುಗಿಯಂತೆ ನಕ್ಕರು, ಕಣ್ಣು ಒರೆಸಿಕೊಂಡರು. “ನಮ್ಮಮ್ಮ ನೋಡ್ಬೇಕಿತ್ತು. ಇದು ಯಾರ ತಲೆ?”

ಆಚಾರ್ರು ಟೈಲರಮ್ಮನನ್ನು ತೋರಿಸಿದರು. ಟೈಲರಮ್ಮ ನನ್ನನ್ನು ತೋರಿಸಿ, “ಬಳೆ ಅಣ್ಣ ಮಾಡಿದ್ದು,” ಎಂದರು.

“ಅದೂ ಚೆನ್ನಾಗಿದೆ,” ಎಂದರು ಅಮ್ಮ.

ಆ ‘ಅದೂ’ ನನ್ನೊಳಗೆ ಬಹಳ ವರ್ಷ ಉಳಿಯಿತು. ನಾನು ಸುಮ್ಮನಿದ್ದದ್ದರಿಂದ ಆ ಕೋಳಿ ತಲೆಕೆಳಗಾಯಿತು. ತಲೆಕೆಳಗಾದದ್ದರಿಂದ ಲಾಗ ಹಾಕಿತು. ಸರಿಯಾಗಿ ಬಂದಿದ್ದರೆ ಅದು ಒಂದು ಒಳ್ಳೆಯ ಪದಕವಾಗಿರುತ್ತಿತ್ತು, ಅಷ್ಟೇ. ಅವರನ್ನು ಬೀಳಿಸಲೆಂದು ನಾನು ಬಿಟ್ಟ ತಪ್ಪೇ ಅವರನ್ನು ಆ ಮಣೆಯಲ್ಲಿ ಕೂರಿಸಿತು. ಶಿವರಾತ್ರಿಯ ಮರುದಿನ ಆಚಾರ್ರು ಹನ್ನೊಂದು ಉಳಿಗಳನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟರು. ನಾನು ಅಲ್ಲೇ ಇದ್ದೆ. ಚಪ್ಪಾಳೆ ತಟ್ಟುವ ಸಂದರ್ಭವಲ್ಲವಾದ್ದರಿಂದ ಕೈ ಕಟ್ಟಿಕೊಂಡು ನಿಂತೆ.

ಗಣಿ ನಿಂತಿತು. ಈಗ ನಾನು ಅದೇ ಅಂಗಡಿಯಲ್ಲಿ, ಕಿಟಕಿಯಿಂದ ದೂರದ ಮಣೆಯಲ್ಲಿ ಕೂರುತ್ತೇನೆ. ಚಿತ್ರ ಅವರದು, ಅಕ್ಷರ ಮತ್ತು ತಿರುಗುವ ಬಳೆ ನನ್ನದು. ಕೊಪ್ಪದಿಂದ, ಗೋಣಿಬೀಡಿನಿಂದ ಜನ ಕೇಳಿಕೊಂಡು ಬರುವುದು ಲಾಗ ಹಾಕುವ ಪದಕವನ್ನೇ. ಪ್ರತಿಯೊಂದನ್ನೂ ಈಗ ಬೇಕೆಂದೇ ಕಚ್ಚು ಮೊಳೆಗೆ ತಾಗಿಸಿ ಕೂರಿಸುತ್ತೇವೆ. ಅವರು ಅರಗು ಕಾಯಿಸುವಾಗೆಲ್ಲ ನನ್ನನ್ನು ಕರೆಯುತ್ತಾರೆ: “ಅಣ್ಣ, ಒಂಚೂರು ನೋಡಿ, ಸರಿ ಇದೆಯಾ?” ನಾನು ಎದ್ದು ಹೋಗಿ, ಬಗ್ಗಿ ನೋಡಿ, ಗಟ್ಟಿಯಾಗಿ ಹೇಳುತ್ತೇನೆ. ಅವರ ಗೆರೆಯನ್ನು ನೋಡಿದಾಗ ಹೊಟ್ಟೆ ಈಗಲೂ ಉರಿಯುತ್ತದೆ. ಅದು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಎರಡನೆಯ ಸುಳ್ಳಾಗುತ್ತದೆ.

ಆಚಾರ್ರು ತೀರಿಕೊಂಡು ಎರಡು ವರ್ಷವಾಯಿತು. ಎಸ್ಟೇಟಿನ ಅಮ್ಮನೂ ಇಲ್ಲ. ಕೋಳಿ ಮೊಮ್ಮಗಳ ಕೊರಳಲ್ಲಿದೆ, ಅದರ ಕಾಲಡಿಯ ಅಂಚಿನಲ್ಲಿ ಆ ಕಚ್ಚೂ ಇದೆ, ಗೊತ್ತಿದ್ದವರಿಗೆ ಕಾಣುತ್ತದೆ. ಟೈಲರಮ್ಮ ಆ ಬೆಳಿಗ್ಗೆ ತಲೆಯೆತ್ತಿರಲಿಲ್ಲ, ಆದ್ದರಿಂದ ಅವರು ಸಾಕ್ಷಿಯಲ್ಲ. ನಾನು ನಿಂತದ್ದನ್ನೂ ನೋಡಿದ್ದನ್ನೂ ಕಂಡವರು ಆಚಾರ್ರ ಹೆಂಡತಿ ಒಬ್ಬರೇ. ಅವರು ಅಂಗಡಿಯ ಹಿಂದಿನ ಅದೇ ನಡುಮನೆಯಲ್ಲಿ ಇದ್ದಾರೆ. ಎಪ್ಪತ್ತೈದು ದಾಟಿದೆ, ಕಣ್ಣು ಚುರುಕಾಗಿದೆ. ದಿನವೂ ಹತ್ತೂ ಮುಕ್ಕಾಲಿಗೆ ಇಬ್ಬರಿಗೂ ಕಾಫಿ ತಂದುಕೊಡುತ್ತಾರೆ. ಆ ವಿಷಯ ಅವರು ಎತ್ತಿದ್ದು ಒಂದೇ ಸಲ, ಆಚಾರ್ರ ತಿಥಿಯ ದಿನ, ಎಲೆಗೆ ನೀರು ಹಾಕುತ್ತ, ಬೇರೆ ಯಾರಿಗೂ ಕೇಳದ ಹಾಗೆ:

“ಆವತ್ತು ನೀವು ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಂತಿದ್ರಿ ಅಂದ್ರೆ, ನಾನು ತಂದ ಕಾಫಿ ಆರೇ ಹೋಗಿತ್ತು.”